ಮುನಿದ ಮೋಟಾರು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಉಜಿರೆಯನ್ನು ದಾಟಿ ಚಾರ್ಮಾಡಿ ಘಟ್ಟವನ್ನೇರುತ್ತಿರುವ ಹಳೆಯ ಅಂಬಾಸಡರ್ ಕಾರೊಂದು ನಾಲ್ಕಾರು ತಿರುವುಗಳವರೆಗೆ ಸರಾಗವಾಗಿ ಸಾಗಿ, ಬಳಿಕ ಒಮ್ಮೆ ಕೆಮ್ಮಿ, ಮತ್ತೊಮ್ಮೆ ಮುಗ್ಗರಿಸಿ ನಿಂತುಬಿಡುತ್ತದೆ. ಒಂದು ಮಗ್ಗುಲಿಗೆ ಪ್ರಪಾತ. ಬೆನ್ನ ಹಿಂದೆ ಲಾರಿಯ ಹಾರನ್ನಿನ ಆರ್ಭಟ. ಹಿಂದಿನ ಸೀಟಿನಲ್ಲಿ ಮಂಗಳೂರಿನ ಆಸ್ಪತ್ರೆಯಿಂದ ಊರಿಗೆ ಮರಳುತ್ತಿರುವ ವೃದ್ಧೆ. ಯಜಮಾನನು ಚಾಲಕನ ಮುಖವನ್ನು ನೋಡುತ್ತಾನೆ. ಚಾಲಕನು ಬಾನೆಟ್ಟಿನತ್ತ ನೋಡುತ್ತಾನೆ. ಕಾಲು ಗಂಟೆ ಕಳೆದು ಕೀಲಿ ತಿರುಗಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಎಂಜಿನ್ನು ಗುನುಗತೊಡಗುತ್ತದೆ! ಇದೆಂಥ ಮುನಿಸು?

ಯಂತ್ರಕ್ಕೆ ಮುನಿಸಿಲ್ಲ, ಕಾರಣವುಂಟು. ಆದರೆ ಕಾರಣವನ್ನು ಹುಡುಕುವ ಮೊದಲು ಪ್ರಾಣರಕ್ಷಣೆಯಾಗಬೇಕು. ಕಾರನ್ನು ಅಂಚಿಗೆ ತಂದು ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡುವುದೇ ಮೊದಲ ಚಿಕಿತ್ಸೆ. ಶಕ್ತಿಸಹಾಯವುಳ್ಳ ಬ್ರೇಕಿನ ಕಾರುಗಳಲ್ಲಿ, ಎಂಜಿನ್ನು ನಿಂತ ಮೇಲೆ ಆ ಸಹಾಯವು ಒಂದೆರಡು ಒತ್ತಿಗಷ್ಟೇ ಉಳಿದಿರುತ್ತದೆ. ಆದುದರಿಂದ ಪೆಡಲನ್ನು ಮತ್ತೆ ಮತ್ತೆ ತುಳಿಯದೆ, ಒಮ್ಮೆಗೇ ಬಲವಾಗಿ ಒತ್ತಿ ಹಿಡಿಯಬೇಕು.

ಮೂರು ಬೇಡಿಕೆಗಳು

ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ನನ್ನು ಸಿದ್ಧಗೊಳಿಸಿದಂದಿನಿಂದ ಇಂದಿನವರೆಗೆ ಅದರ ಬೇಡಿಕೆಗಳು ಮೂರೇ: ಹದವಾದ ಮಿಶ್ರಣ, ಸಾಕಷ್ಟು ಒತ್ತಡ, ಸಕಾಲದ ಕಿಡಿ. ತೂಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎಂಜಿನ್ನು ನಡುಗುತ್ತದೆ, ಇಲ್ಲವೆ ನಿಲ್ಲುತ್ತದೆ.

ಅನುಭವಸ್ಥ ಮೆಕ್ಯಾನಿಕನು ಸ್ಪ್ಯಾನರ್ ಹಿಡಿಯುವುದಕ್ಕೆ ಮುನ್ನ, ವೈದ್ಯನಂತೆ ಪ್ರಶ್ನೆ ಕೇಳುತ್ತಾನೆ. ತೊಂದರೆ ಬೆಳಗಿನ ತಂಪಿನಲ್ಲೋ, ಕಾದ ಮೇಲೋ? ನಿಂತಲ್ಲಿಯೋ, ಏರಿನಲ್ಲೋ? ಓಡುವಾಗ ಸುಖವಾಗಿದ್ದು ನಿಂತಲ್ಲಿ ನಡುಗುವುದಾದರೆ, ಕಾರ್ಬ್ಯುರೇಟರಿನ ಕಿರುರಂಧ್ರ ಕಟ್ಟಿರಬಹುದು, ಅಥವಾ ಎಲ್ಲಿಯೋ ಬಿರುಕಿನಿಂದ ಕಳ್ಳಗಾಳಿ ನುಗ್ಗುತ್ತಿರಬಹುದು. ನಿಂತಲ್ಲಿ ಸರಿಯಿದ್ದು ಏರಿನಲ್ಲಿ ಸೋಲುವುದಾದರೆ ಪೆಟ್ರೋಲಿನ ಫಿಲ್ಟರು, ಪಂಪು, ಕಿಡಿಯ ಬಲ—ಇವುಗಳ ಕಡೆ ನೋಡಬೇಕು.

ಬಿಚ್ಚಿದ ಪ್ಲಗ್ಗು ರೋಗಿಯ ನಾಲಗೆಯಿದ್ದಂತೆ. ತಿಳಿ ಕಂದು ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿ ಪೆಟ್ರೋಲು ಹೆಚ್ಚಾಯಿತೆಂದು ಸಾರುತ್ತದೆ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ನಿನ ಉಂಗುರವೋ ವಾಲ್ವಿನ ಮಗ್ಗುಲೋ ಸವೆದಿದೆಯೆಂದರ್ಥ. ಸುಟ್ಟ ಬಿಳುಪು ಅತಿಯಾದ ಕಾವಿನ ಎಚ್ಚರಿಕೆ.

ಘಟ್ಟದ ಒಗಟು

ಇನ್ನು ಚಾರ್ಮಾಡಿಯ ಕಾರು. ತಣಿದ ಮೇಲೆ ತಾನಾಗಿ ಸರಿಹೋಗುವ ಈ ರೋಗಕ್ಕೆ ಮುಖ್ಯ ಆರೋಪಿಗಳು ಮೂವರು. ಒಂದು, ಪೆಟ್ರೋಲ್ ಟ್ಯಾಂಕಿನ ಗಾಳಿಯ ದಾರಿ ಮುಚ್ಚಿಹೋಗಿ, ಒಳಗೆ ನಿರ್ವಾತವುಂಟಾಗಿ ಪೆಟ್ರೋಲು ಹರಿಯದಿರುವುದು. ಎರಡು, ಕಾದ ಇಗ್ನಿಷನ್ ಕಾಯಿಲ್ ಕಿಡಿ ಕೊಡದಿರುವುದು. ಮೂರು, ನಿಧಾನದ ಏರಿನಲ್ಲಿ ಎಂಜಿನ್ನಿನ ಕಾವು ತಟ್ಟಿ, ಕೊಳವೆಯಲ್ಲಿಯೇ ಪೆಟ್ರೋಲು ಆವಿಯಾಗುವುದು. ದ್ರವವನ್ನು ಎಳೆಯಬೇಕಾದ ಪಂಪಿಗೆ ಆವಿ ಸಿಕ್ಕರೆ ಅದು ಸೋಲುತ್ತದೆ.

ಕಾಲು ಗಂಟೆ ಕಾದರೆ ಮೂವರೂ ತಪ್ಪಿಸಿಕೊಳ್ಳುತ್ತಾರೆ. ಆದುದರಿಂದ ಕಳ್ಳನನ್ನು ಕಳವಿನ ಹೊತ್ತಿನಲ್ಲಿಯೇ ಹಿಡಿಯಬೇಕು. ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ‘ಸುಯ್’ ಎಂದು ಒಳನುಗ್ಗಿ, ಎಂಜಿನ್ನು ಬೇಗನೆ ಚೇತರಿಸಿಕೊಂಡರೆ ಮೊದಲನೆಯವನೇ ಅಪರಾಧಿ. ಇಲ್ಲವಾದರೆ ಮುಚ್ಚಳವನ್ನು ಭದ್ರಪಡಿಸಿ, ಪೆಟ್ರೋಲಿನ ಆವಿಯಿಂದ ದೂರದಲ್ಲಿ, ತಿಳಿದವರೇ ಕಿಡಿಯನ್ನು ಪರೀಕ್ಷಿಸಬೇಕು. ಕಿಡಿಯಿಲ್ಲದಿದ್ದರೆ ಸಂದೇಹ ಕಾಯಿಲಿನ ಕಡೆಗೆ, ಅದರ ಸಂಗಾತಿಗಳಾದ ಪಾಯಿಂಟ್ ಮತ್ತು ಕಂಡೆನ್ಸರುಗಳ ಕಡೆಗೆ. ಕಿಡಿ ಗಟ್ಟಿಯಾಗಿದ್ದು, ಪಂಪಿಗೂ ಕೊಳವೆಗೂ ಒದ್ದೆ ಬಟ್ಟೆ ಸುತ್ತಿದೊಡನೆ ಎಂಜಿನ್ನು ಎಚ್ಚರಗೊಂಡರೆ, ಅದು ಆವಿಯ ಆಟ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದಾಗಲಿ, ಕಾದ ರೇಡಿಯೇಟರಿನ ಮುಚ್ಚಳ ತೆರೆಯುವುದಾಗಲಿ, ಬೀಡಿ ಹಚ್ಚಿ ಬಗ್ಗಿ ನೋಡುವುದಾಗಲಿ ಸರ್ವಥಾ ಕೂಡದು.

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಉಳಿದಿರುವ ಹಳೆಯ ಗಾಡಿಗಳಿಗೆ ಈಗ ಹೊಸದೊಂದು ಪರೀಕ್ಷೆ: ಎಥನಾಲ್ ಬೆರೆತ ಪೆಟ್ರೋಲು. ಎಥನಾಲು ನೀರನ್ನು ಹೀರುತ್ತದೆ. ಅದಕ್ಕೆಂದು ಮಾಡದ ಹಳೆಯ ರಬ್ಬರನ್ನು ಕೆಡಿಸುತ್ತದೆ. ಟ್ಯಾಂಕಿನ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ.

ಯಂತ್ರದ ಮಾತು, ಮನುಷ್ಯನ ವಿವೇಕ

ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರಿಲ್ಲ. ಗಣಕವೇ ಪೆಟ್ರೋಲನ್ನು ಅಳೆದು ಚಿಮ್ಮಿಸುತ್ತದೆ. ದೋಷ ಕಂಡೊಡನೆ ದೀಪ ಹೊತ್ತುತ್ತದೆ, ಸಂಕೇತವೊಂದು ದಾಖಲಾಗುತ್ತದೆ. ‘ಪಿ 0171’ ಎಂದರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಯಿತೆಂದಷ್ಟೇ ಅರ್ಥ. ಯಾವ ಭಾಗ ಕೆಟ್ಟಿತೆಂದಲ್ಲ. ಇದನ್ನರಿಯದೆ ಸಾವಿರಾರು ರೂಪಾಯಿಯ ಆಮ್ಲಜನಕ ಸೆನ್ಸರನ್ನು ಬದಲಿಸಿ, ಬಿರುಕುಬಿಟ್ಟ ಅಗ್ಗದ ರಬ್ಬರು ಕೊಳವೆಯನ್ನು ಹಾಗೆಯೇ ಬಿಟ್ಟರೆ ಸಾಲ ಬೆಳೆಯುತ್ತದೆ, ರೋಗ ಉಳಿಯುತ್ತದೆ. ಜ್ವರಮಾಪಕವು ಜ್ವರವನ್ನು ತೋರಿಸಬಲ್ಲದು. ಕಾರಣವನ್ನು ವೈದ್ಯನೇ ಕಂಡುಹಿಡಿಯಬೇಕು.

ಊಹೆಯಿಂದ ಹತ್ತು ಭಾಗಗಳನ್ನು ಬದಲಿಸುವವನಿಗಿಂತ, ಒಂದೊಂದಾಗಿ ಪರೀಕ್ಷಿಸಿ ಒಂದನ್ನು ಬದಲಿಸುವವನೇ ಮೇಲು. ಚಾರ್ಮಾಡಿಯ ಚಾಲಕನಿಗೆ ಇಷ್ಟು ತಿಳಿದಿದ್ದರೆ ಸಾಕು. ಒದ್ದೆ ಬಟ್ಟೆಯೊಂದರಿಂದ ಘಟ್ಟ ದಾಟೀತು, ಕೊಟ್ಟಿಗೆಹಾರದಲ್ಲಿ ಆ ಅಜ್ಜಿಗೆ ಬಿಸಿ ನೀರುದೋಸೆಯೂ ದೊರೆತೀತು!