ಮರೆಯುವ ಚರಾಕ್ಷರ, ನೆನಪಿಡುವ ಚರಾಕ್ಷರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ—ಬೆಳಗಾವಿ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಒಂದು ದಿನ ಕ್ರಮವಾಗಿ 12, 20, 8 ಮತ್ತು 4 ಮಿಲಿಮೀಟರ್ ಮಳೆ ಬಿದ್ದಿತೆಂದು ಊಹಿಸಿಕೊಳ್ಳೋಣ. ಸರಾಸರಿಯನ್ನು ತಿಳಿಯಬೇಕಾದರೆ ಇವನ್ನು ಕೂಡಿಸಿ 4ರಿಂದ ಭಾಗಿಸಬೇಕು; ಉತ್ತರ 11. ಇಷ್ಟು ಸುಲಭವಾದ ಲೆಕ್ಕದಲ್ಲಿಯೂ ಗಣಕಯಂತ್ರವು ತಪ್ಪು ಉತ್ತರವನ್ನು ಕೊಡಬಲ್ಲದು. ದೋಷವು ಯಂತ್ರದ್ದಲ್ಲ, ಅದಕ್ಕೆ ಕ್ರಮವಿಧಿಯನ್ನು ಬರೆದುಕೊಟ್ಟವರದು. ಅದು ಹೇಗೆಂಬುದನ್ನು ನೋಡೋಣ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬವರು 1972ರ ಸುಮಾರಿಗೆ ರೂಪಿಸಿದ ‘ಸಿ’ ಭಾಷೆಯಲ್ಲಿ, ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆಯುತ್ತಾರೆ. ಅಂಥ ಒಂದೊಂದು ಭಾಗವೂ ಒಂದು ಫಂಕ್ಷನ್. ಅದನ್ನು ಹೆಸರಿನಿಂದ ಕರೆದು, ಬೇಕಾದ ಅಂಕಿಗಳನ್ನು ಒಪ್ಪಿಸಿದರೆ, ಅದು ತನ್ನ ಕೆಲಸವನ್ನು ಮುಗಿಸಿ ಉತ್ತರವನ್ನು ಹಿಂದಿರುಗಿಸುತ್ತದೆ. ಅಂಕಿಯನ್ನು ಇರಿಸಲು ಯಂತ್ರದ ಸ್ಮೃತಿಯಲ್ಲಿ ಹೆಸರಿಟ್ಟು ಕಾದಿರಿಸಿದ ಸ್ಥಾನವೇ ಚರಾಕ್ಷರ. ಪ್ರತಿಯೊಂದು ಚರಾಕ್ಷರದ ವಿಷಯದಲ್ಲಿಯೂ ಎರಡು ಪ್ರಶ್ನೆಗಳನ್ನು ಕೇಳಬೇಕು: ಅದು ಎಷ್ಟು ಕಾಲ ಬಾಳುತ್ತದೆ? ಎಲ್ಲಿಂದ ಅದನ್ನು ಹೆಸರು ಹಿಡಿದು ಕರೆಯಬಹುದು? ಇವುಗಳನ್ನು ನಿರ್ಣಯಿಸುವುದರಲ್ಲಿ ‘ಸಂಗ್ರಹ ವರ್ಗ’ದ ಪಾತ್ರ ಹಿರಿದು.

‘ಕೂಡಿಸು’ ಎಂಬ ಫಂಕ್ಷನ್ ಒಂದನ್ನು ಬರೆಯೋಣ. ಅದರೊಳಗಿನ ‘ಮೊತ್ತ’ ಎಂಬ ಚರಾಕ್ಷರದ ಆರಂಭದ ಬೆಲೆ ಸೊನ್ನೆ. ಬಂದ ಅಂಕಿಯನ್ನು ಅದಕ್ಕೆ ಸೇರಿಸಿ ಹಿಂದಿರುಗಿಸುವುದಷ್ಟೇ ಕೆಲಸ. ಬೇರೇನನ್ನೂ ಹೇಳದಿದ್ದರೆ ‘ಮೊತ್ತ’ವು ‘ಆಟೋ’ ವರ್ಗಕ್ಕೆ ಸೇರುತ್ತದೆ. ಫಂಕ್ಷನ್ನನ್ನು ಕರೆದಾಗ ಹುಟ್ಟಿ, ಅದು ಮುಗಿದೊಡನೆ ಅಳಿಯುತ್ತದೆ. ಪಾಟಿಯ ಮೇಲೆ ಬರೆದು ಒರಸಿದಂತೆ. ಆದುದರಿಂದ ನಾಲ್ಕು ಸಲ ಕರೆದರೆ ಬರುವ ಉತ್ತರಗಳು 12, 20, 8, 4. ಕೊನೆಯ 4ನ್ನೇ ಒಟ್ಟು ಮಳೆಯೆಂದು ನಂಬಿ ಭಾಗಿಸಿದರೆ ಸರಾಸರಿ 1! ಆರಂಭದ ಬೆಲೆಯನ್ನೇ ಕೊಡದಿದ್ದರೆ ಇನ್ನೂ ಕೇಡು. ಆ ಸ್ಥಾನದಲ್ಲಿ ಏನಿದ್ದೀತೆಂದು ಹೇಳಬರುವುದಿಲ್ಲ.

ಈಗ ‘ಮೊತ್ತ’ದ ಹಿಂದೆ ‘ಸ್ಟ್ಯಾಟಿಕ್’ ಎಂಬ ಪದವನ್ನು ಸೇರಿಸೋಣ. ಸೊನ್ನೆಯನ್ನು ಇರಿಸುವ ಕಾರ್ಯ ಒಂದೇ ಸಲ ನಡೆಯುತ್ತದೆ. ಕ್ರಮವಿಧಿ ನಡೆಯುತ್ತಿರುವಷ್ಟು ಕಾಲವೂ ಬೆಲೆ ಉಳಿಯುತ್ತದೆ. ಉತ್ತರಗಳು 12, 32, 40, 44; ಸರಾಸರಿ 11. ಆದರೂ ಆ ಹೆಸರು ಫಂಕ್ಷನ್ನಿನ ಹೊರಗಿನವರಿಗೆ ಕಾಣದು. ಅದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಕೀರ್ದಿ ಪುಸ್ತಕ. ಬರೆದುದು ಉಳಿಯುತ್ತದೆ, ತೆರೆಯುವವನು ಮಾತ್ರ ಒಬ್ಬನೇ. ಬಾಳುವ ಕಾಲ ಬೇರೆ, ಕಾಣುವ ಎಲ್ಲೆ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ನೆನಪೂ ಅಪಾಯಕಾರಿಯಾಗಬಹುದು. ಕ್ರಮವಿಧಿಯನ್ನು ನಿಲ್ಲಿಸದೆ ಮರುದಿನದ 6, 10, 4, 0 ಎಂಬ ಅಂಕಿಗಳನ್ನು ಕೊಟ್ಟೆವೆನ್ನಿ. ನಿಜವಾದ ಸರಾಸರಿ 5. ಆದರೆ ನಿನ್ನೆಯ 44 ಅಲ್ಲಿಯೇ ಇರುವುದರಿಂದ ಮೊತ್ತ 64, ಸರಾಸರಿ 16 ಎಂದಾಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ಪ್ರವಾಹವನ್ನು ಕಂಡ ರಾಮದುರ್ಗದ ಸೀಮೆಯಲ್ಲಿ ಮಳೆಯ ಲೆಕ್ಕವು ಬರಿಯ ಪರೀಕ್ಷೆಯ ಮಾತಲ್ಲ.

ಉಳಿದ ವರ್ಗಗಳು ಎರಡು. ಎಲ್ಲ ಫಂಕ್ಷನ್‌ಗಳ ಹೊರಗೆ ಇರಿಸಿದ ಚರಾಕ್ಷರವು ಊರ ಚಾವಡಿಯ ಹಲಗೆಯಿದ್ದಂತೆ; ಯಾರೂ ಓದಬಹುದು, ಯಾರೂ ಅಳಿಸಬಹುದು. ಬೇರೆ ಕಡತದಲ್ಲಿರುವ ಅಂಥದನ್ನು ಬಳಸಲು ‘ಎಕ್ಸ್‌ಟರ್ನ್’ ಎಂದು ಸೂಚಿಸುತ್ತಾರೆ. ‘ರೆಜಿಸ್ಟರ್’ ಎಂಬುದು, ಅಂಕಿಯನ್ನು ಬೇಗನೆ ಕೈಗೆ ಸಿಗುವ ಸ್ಥಾನದಲ್ಲಿಡಬೇಕೆಂಬ ಕೋರಿಕೆ ಮಾತ್ರ. ಇಂದು ಕಂಪೈಲರುಗಳು ಆ ನಿರ್ಧಾರವನ್ನು ಬಹುಮಟ್ಟಿಗೆ ತಾವೇ ಕೈಗೊಳ್ಳುತ್ತವೆ.

ಹಾಗಾದರೆ ನಮ್ಮ ಮಳೆಯ ಲೆಕ್ಕಕ್ಕೆ ಒಳ್ಳೆಯ ದಾರಿ ಯಾವುದು? ಅದುವರೆಗಿನ ಮೊತ್ತವನ್ನೂ ಹೊಸ ಅಂಕಿಯನ್ನೂ ಫಂಕ್ಷನ್ನಿಗೆ ಒಪ್ಪಿಸಿ, ಹೊಸ ಮೊತ್ತವನ್ನು ಮರಳಿ ಪಡೆಯುವುದು. ಪ್ರತಿದಿನವೂ ಸೊನ್ನೆಯಿಂದ ಆರಂಭಿಸುವ ಹೊಣೆ ಆಗ ಕರೆದವರ ಕಣ್ಣೆದುರಿಗೇ ಇರುತ್ತದೆ. ವಿದ್ಯಾರ್ಥಿಗಳು ಈ ಮೂರು ಬಗೆಗಳನ್ನೂ ಮೊದಲು ಕಾಗದದ ಮೇಲೆ, ಬಳಿಕ ಯಂತ್ರದಲ್ಲಿ ಪರೀಕ್ಷಿಸಿ ನೋಡಲಿ.