ಹೆಲ್ಮೆಟ್ ಇದೆಯಲ್ಲ, ಮತ್ತೇನು ಭಯ?

ಸೆಪ್ಟೆಂಬರ್ ಬಂತೆಂದರೆ ನಮ್ಮ ಟೀಮಿನ ಸೋಮವಾರದ ಸಂಜೆ ಕಾಲ್‌ನಲ್ಲಿ ಮೊದಲ ಹತ್ತು ನಿಮಿಷ ಕೆಲಸದ ಮಾತೇ ಇರುವುದಿಲ್ಲ. ಅಮೆರಿಕದ ಕಡೆಯವರು ಹಿಂದಿನ ದಿನದ ಫುಟ್‌ಬಾಲ್ ಮ್ಯಾಚಿನ ಬಗ್ಗೆ ಮಾತಾಡುತ್ತಾರೆ. ಪುಣೆಯ ಕಡೆಯ ನಾವು ಮ್ಯೂಟ್ ಒತ್ತಿ ಚಹಾ ಕುಡಿಯುತ್ತೇವೆ. ಹನ್ನೆರಡು ವರ್ಷ ಹೀಗೇ ಕಳೆದುಹೋಯಿತು. ಫುಟ್‌ಬಾಲ್ ಅಂದರೆ ಕಾಲಿನಿಂದ ಆಡುವ ಆಟ, ಇವರದ್ದು ಕೈಯಲ್ಲಿ ಹಿಡಿದು ಓಡುವ ಏನೋ ಒಂದು ಗಲಾಟೆ. ನನ್ನ ಜ್ಞಾನ ಅಷ್ಟಕ್ಕೇ ನಿಂತಿತ್ತು.

ಹೋದ ಆಗಸ್ಟ್‌ನಲ್ಲಿ ಟೆಕ್ಸಾಸ್‌ನಿಂದ ಅಕ್ಕನ ಫೋನ್ ಬಂತು.

"ಲೋ, ನೀನು ದಿನಾ ಅಮೆರಿಕದವರ ಜೊತೆ ಮಾತಾಡ್ತೀಯಲ್ಲ, ಈ ಫುಟ್‌ಬಾಲ್ ಏನು ಅಂತ ಗೊತ್ತಾ ನಿಂಗೆ? ಇವನು ಏಳನೇ ಕ್ಲಾಸಿಗೆ ಬಂದ. ಸ್ಕೂಲ್ ಟೀಮಿಗೆ ಸೇರ್ತೀನಿ ಅಂತ ಹಠ. ಫಾರ್ಮ್ ಕಳಿಸಿದ್ದಾರೆ. ಸೈನ್ ಹಾಕ್ಲಾ, ಬೇಡ್ವಾ?"

"ಭಾವ ಏನಂತಾರೆ?"

"ಅವರಿಗೇನು ಗೊತ್ತು? ಸೂಪರ್ ಬೌಲ್ ದಿನ ಯಾರದ್ದಾದರೂ ಮನೆಗೆ ಹೋಗಿ ಚಿಪ್ಸ್ ತಿಂದು ಬರ್ತಾರೆ, ಅಷ್ಟೇ."

ಹಿಂದಿನಿಂದ ಹುಡುಗನ ಕೂಗು ಕೇಳಿಸಿತು: "ಮಾಮ, ಹೆಲ್ಮೆಟ್ ಇರತ್ತೆ, ಪ್ಯಾಡ್ಸ್ ಇರತ್ತೆ. ಏನೂ ಆಗಲ್ಲ ಅಂತ ಅಮ್ಮಂಗೆ ಹೇಳಿ!"

ಸೋದರಮಾವನ ಮರ್ಯಾದೆಯ ಪ್ರಶ್ನೆ. ಫಾರ್ಮ್ ಕೊಡಲು ಹತ್ತು ದಿನ ಸಮಯವಿತ್ತು. ಆ ಹತ್ತು ದಿನ ರಾತ್ರಿ ಕೂತು ಓದಿದ್ದು, ನೋಡಿದ್ದು, ಸಹೋದ್ಯೋಗಿಗಳನ್ನು ಪೀಡಿಸಿ ಕೇಳಿದ್ದು ಇಲ್ಲಿದೆ. ನಮ್ಮ ಓದುಗರಲ್ಲಿ ಬಹಳ ಮಂದಿಗೆ ಅಕ್ಕನೋ ತಮ್ಮನೋ ಮಕ್ಕಳೋ ಅಲ್ಲಿದ್ದಾರೆ. ಇಂಥ ಫೋನ್ ನಿಮಗೂ ಬರಬಹುದು.

ಹತ್ತು ಗಜ, ನಾಲ್ಕು ಅವಕಾಶ

ಕಬಡ್ಡಿ ಬಲ್ಲವರಿಗೆ ಈ ಆಟ ಬೇಗ ಅರ್ಥವಾಗುತ್ತದೆ. ಎರಡೂ ನೆಲಕ್ಕಾಗಿ ನಡೆಯುವ ಜಗಳವೇ. ಅಂಕಣ 100 ಗಜ ಉದ್ದ, ಸುಮಾರು 53 ಗಜ ಅಗಲ. ಎರಡೂ ತುದಿಗಳಲ್ಲಿ ಇನ್ನೂ ಹತ್ತತ್ತು ಗಜದ ಪಟ್ಟಿಗಳಿವೆ, ಅವಕ್ಕೆ ಎಂಡ್ ಜೋನ್ ಎನ್ನುತ್ತಾರೆ. ಒಂದೊಂದು ಕಡೆ 11 ಜನ. ಚೆಂಡನ್ನು ಎದುರಾಳಿಯ ಎಂಡ್ ಜೋನ್‌ಗೆ ಒಯ್ದರೆ ಟಚ್‌ಡೌನ್, ಆರು ಅಂಕ.

ಒಂದೇ ಉಸಿರಿಗೆ ಅಷ್ಟು ದೂರ ಹೋಗಲು ಎದುರಾಳಿ ಬಿಡುವುದಿಲ್ಲ. ಆದ್ದರಿಂದ ಕಂತು. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ 'ಡೌನ್' ಎಂದು ಹೆಸರು. ಆ ನಾಲ್ಕರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಟಿವಿಯಲ್ಲಿ 'ಸೆಕೆಂಡ್ ಅಂಡ್ ಸೆವೆನ್' ಎಂದು ಬಂದರೆ, ಇದು ಎರಡನೇ ಪ್ರಯತ್ನ, ಇನ್ನೂ ಏಳು ಗಜ ಬಾಕಿ ಎಂದರ್ಥ. ಮುಟ್ಟಬೇಕಾದ ಗೆರೆ ಪರದೆಯ ಮೇಲೆ ಹಳದಿ ಬಣ್ಣದಲ್ಲಿ ಕಾಣುತ್ತದೆ. ಅದು ಮೈದಾನದಲ್ಲಿಲ್ಲ, ಕಂಪ್ಯೂಟರ್ ಎಳೆಯುವ ಗೆರೆ. 1998ರಲ್ಲಿ ಶುರುವಾಯಿತು. ಇಷ್ಟು ತಿಳಿದ ಮೇಲೆ ನನಗೆ ಅರ್ಧ ಆಟ ಅರ್ಥವಾಗಿತ್ತು.

ಮೂರು ಪ್ರಯತ್ನ ಮುಗಿದರೂ ಹತ್ತು ಗಜ ಆಗಿಲ್ಲವೆಂದರೆ ನಾಲ್ಕನೆಯದರಲ್ಲಿ ತಂಡ ಲೆಕ್ಕ ಹಾಕಬೇಕು. ಗೋಲು ಕಂಬ ಹತ್ತಿರವಿದ್ದರೆ ಚೆಂಡನ್ನು ಕಂಬಗಳ ನಡುವೆ ಒದೆಯಬಹುದು, ಅದು ಫೀಲ್ಡ್ ಗೋಲ್, ಮೂರು ಅಂಕ. ದೂರವಿದ್ದರೆ ಎದುರಾಳಿಯ ಗಡಿಯ ಕಡೆಗೆ ಆದಷ್ಟು ದೂರ ಒದ್ದುಬಿಡಬಹುದು, ಅದು ಪಂಟ್. ಧೈರ್ಯವಿದ್ದರೆ ನಾಲ್ಕನೆಯದನ್ನೂ ಆಡಬಹುದು. ನಮ್ಮ ಮ್ಯಾನೇಜರ್ "ಈ ವಿಷಯ ಪಂಟ್ ಮಾಡೋಣ" ಎಂದಾಗಲೆಲ್ಲ ಏನು ಹೇಳುತ್ತಿದ್ದರೆಂದು ಹನ್ನೆರಡು ವರ್ಷದ ಮೇಲೆ ಗೊತ್ತಾಯಿತು.

ಪ್ರತಿ ಪ್ರಯತ್ನವೂ ಒಂದೇ ರೀತಿ ಶುರುವಾಗುತ್ತದೆ. ಎರಡು ಸಾಲುಗಳು ಎದುರುಬದುರು ಬಗ್ಗಿ ನಿಲ್ಲುತ್ತವೆ. ನಡುವಿನವನು, ಅಂದರೆ ಸೆಂಟರ್, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅದನ್ನು ಪಡೆಯುವ ಕ್ವಾರ್ಟರ್‌ಬ್ಯಾಕ್ ತಂಡದ ಮೆದುಳು. ಅವನು ಚೆಂಡನ್ನು ಪಕ್ಕದವನ ಕೈಗಿತ್ತು ಓಡಿಸಬಹುದು, ಮುಂದೆ ಓಡುತ್ತಿರುವ ರಿಸೀವರ್‌ಗೆ ಎಸೆಯಬಹುದು, ತಾನೇ ಓಡಲೂಬಹುದು. ಅವನಿಗೆ ಎರಡು ಮೂರು ಸೆಕೆಂಡು ಪುರುಸೊತ್ತು ಸಿಗಲೆಂದು ಮುಂದೆ ಐದು ಜನ ದಾಂಡಿಗರು ಗೋಡೆಯಂತೆ ನಿಂತು ಎದುರಾಳಿಯನ್ನು ತಳ್ಳುತ್ತಾರೆ. ಚೆಂಡು ಹಿಡಿದವನನ್ನು ಕೆಡವಿದರೆ ಆ ಪ್ರಯತ್ನ ಮುಗಿಯಿತು. ಇದೆಲ್ಲ ನಡೆಯುವುದು ನಾಲ್ಕೈದು ಸೆಕೆಂಡುಗಳಲ್ಲಿ. ಮೂರು ತಾಸಿನ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ. ಮಿಕ್ಕಿದ್ದು ಯೋಚನೆ, ಜಾಹೀರಾತು ಮತ್ತು ಭಾವನ ಚಿಪ್ಸ್.

ಆದರೆ ಒಂದು ಮಾತು ಗಮನಿಸಿ. ಚೆಂಡು ಒಬ್ಬನ ಕೈಯಲ್ಲಿದ್ದರೂ ಡಿಕ್ಕಿ ಅವನೊಬ್ಬನಿಗಲ್ಲ. ಮುಂದಿನ ಸಾಲಿನವರು ಪ್ರತಿ ಪ್ರಯತ್ನದಲ್ಲೂ ಒಬ್ಬರಿಗೊಬ್ಬರು ಗುದ್ದಿಕೊಳ್ಳುತ್ತಾರೆ. ಒಂದು ಪಂದ್ಯದಲ್ಲಿ ಹತ್ತಾರು ಸಲ.

ಮೈಮೇಲಿನ ಕವಚ

ಹುಡುಗ ಹೇಳಿದ ಹೆಲ್ಮೆಟ್ಟಿನಿಂದಲೇ ಶುರುಮಾಡೋಣ. ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು. ಒಳಗೆ ತಲೆಯ ಅಳತೆಗೆ ಹೊಂದುವ ಮೆತ್ತೆಗಳು. ಮುಖದ ಮುಂದೆ ಲೋಹದ ಕಂಬಿಗಳ ಜಾಲರಿ. ಗದ್ದಕ್ಕೆ ಪಟ್ಟಿ. ಬಾಯೊಳಗೆ ಹಲ್ಲು ಉಳಿಸುವ ಮೌತ್‌ಗಾರ್ಡ್. ಭುಜ, ಎದೆ, ಬೆನ್ನಿನ ಮೇಲ್ಭಾಗಕ್ಕೆ ಸೇರಿಸಿ ಒಂದು ದೊಡ್ಡ ಶೋಲ್ಡರ್ ಪ್ಯಾಡ್. ಆಟಗಾರರೆಲ್ಲ ಬಾಗಿಲಷ್ಟು ಅಗಲ ಕಾಣುವುದು ಇದರಿಂದಲೇ. ಸೊಂಟ, ತೊಡೆ, ಮಂಡಿಗೆ ಬೇರೆ ಬೇರೆ ಮೆತ್ತೆಗಳು. ಕಾಲಿಗೆ ಮುಳ್ಳಿನಂಥ ಅಟ್ಟೆಯ ಬೂಟು. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ಪುಟ್ಟ ರೇಡಿಯೋ ಕೂಡ ಇರುತ್ತದೆ, ಕೋಚ್ ಅದರಲ್ಲಿ ಸೂಚನೆ ಕೊಡುತ್ತಾರೆ.

ಇಷ್ಟೆಲ್ಲ ಹಾಕಿಕೊಂಡರೆ ಸೆಖೆ ಎಷ್ಟಿರಬೇಡ? 2001ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಎಂಬ 27 ವರ್ಷದ ಆಟಗಾರ ಬೇಸಿಗೆ ಅಭ್ಯಾಸದಲ್ಲಿ ಬಿಸಿಲಾಘಾತದಿಂದ ಸತ್ತುಹೋದ. ಈಗ ಬಹಳ ಕಡೆ ಮೊದಲ ಕೆಲವು ದಿನ ಪೂರ್ತಿ ಕವಚವಿಲ್ಲದೆ ಅಭ್ಯಾಸ ಮಾಡಿಸಿ ಮೈಯನ್ನು ಬಿಸಿಲಿಗೆ ಒಗ್ಗಿಸುವ ನಿಯಮವಿದೆ. ಟೆಕ್ಸಾಸಿನ ಆಗಸ್ಟ್ ನಮ್ಮ ರಾಯಚೂರಿನ ಏಪ್ರಿಲ್ ಇದ್ದ ಹಾಗೆ ಎಂದು ಅಕ್ಕ ಹೇಳುತ್ತಲೇ ಇರುತ್ತಾಳೆ.

ಟೊಪ್ಪಿಯಿಂದ ಆಯುಧಕ್ಕೆ

ಶುರುವಿನಲ್ಲಿ ಇದ್ಯಾವುದೂ ಇರಲಿಲ್ಲ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಮೊದಲ ಪಂದ್ಯ ನಡೆದಾಗ ಕಡೆಗೆ 25 ಜನ, ಮೈಮೇಲೆ ದಿನದ ಬಟ್ಟೆ. 1893ರಲ್ಲಿ ನೌಕಾದಳದ ಅಕಾಡೆಮಿಯ ಜೋಸೆಫ್ ರೀವ್ಸ್ ಎಂಬ ವಿದ್ಯಾರ್ಥಿಗೆ, ತಲೆಗೆ ಇನ್ನೊಂದು ಏಟು ಬಿದ್ದರೆ ಬುದ್ಧಿಭ್ರಮಣೆಯೋ ಸಾವೋ ಖಚಿತ ಎಂದು ವೈದ್ಯರು ಎಚ್ಚರಿಸಿದರಂತೆ. ಅವನು ಆಟ ಬಿಡಲಿಲ್ಲ. ಬೂಟು ಹೊಲಿಯುವವರ ಹತ್ತಿರ ಹೋಗಿ ದಪ್ಪನೆಯ ಟೊಪ್ಪಿಯೊಂದನ್ನು ಹೊಲಿಸಿಕೊಂಡು ಬಂದ. ಹೆಲ್ಮೆಟ್ಟಿನ ಕಥೆಯನ್ನು ಅಲ್ಲಿಂದ ಹೇಳುತ್ತಾರೆ.

1905ರ ಹೊತ್ತಿಗೆ ಆಟ ಎಷ್ಟು ಕ್ರೂರವಾಗಿತ್ತೆಂದರೆ ಆ ಒಂದೇ ವರ್ಷದಲ್ಲಿ ಕನಿಷ್ಠ 18 ಮಂದಿ ಸತ್ತರೆಂದು ಪತ್ರಿಕೆಗಳು ಬರೆದವು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸರಿಮಾಡಿ ಎಂದರು. ಅವರ ಸ್ವಂತ ಮಗ ಹಾರ್ವರ್ಡ್‌ನಲ್ಲಿ ಅದೇ ಆಟ ಆಡುತ್ತಿದ್ದ. 1906ರಲ್ಲಿ ನಿಯಮಗಳು ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯಲು ಮೊದಲ ಬಾರಿಗೆ ಅನುಮತಿ ಸಿಕ್ಕಿತು. ಎಲ್ಲರೂ ಒಂದೇ ಕಡೆ ಮುದ್ದೆಯಾಗಿ ನುಗ್ಗುವ ಬದಲು ಆಟ ಮೈದಾನದ ಅಗಲಕ್ಕೆ ಹರಡಿಕೊಳ್ಳಲಿ ಎಂಬುದು ಇದರ ಒಂದು ಉದ್ದೇಶ.

ಆಮೇಲೆ ಬಟ್ಟೆಯ ಟೊಪ್ಪಿ ಹೋಗಿ ಚರ್ಮ ಬಂತು, 1939ರಲ್ಲಿ ಪ್ಲಾಸ್ಟಿಕ್ ಚಿಪ್ಪು ಬಂತು. 1943ರಲ್ಲಿ ಎನ್‌ಎಫ್‌ಎಲ್ ಹೆಲ್ಮೆಟ್ ಕಡ್ಡಾಯ ಮಾಡಿತು. 1950ರ ದಶಕದಲ್ಲಿ ಮುಖಕ್ಕೆ ಜಾಲರಿ ಬಂತು. ಹಾಗಾದರೆ ಸಾವು ನಿಲ್ಲಬೇಕಿತ್ತಲ್ಲವೇ? 1968ರಲ್ಲಿ ಶಾಲೆ, ಕಾಲೇಜು ಎಲ್ಲ ಸೇರಿ ಈ ಆಟದ ಪೆಟ್ಟಿನಿಂದಲೇ 36 ಮಂದಿ ಸತ್ತರು.

ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ ಅಂಕಿ ಇದು. ಕಾರಣ ಹುಡುಕಿದರೆ ಸರಳವಾಗಿದೆ. ಕಬಡ್ಡಿಯಲ್ಲಿ ಯಾರೂ ತಲೆ ಮುಂದಿಟ್ಟು ರೇಡರ್‌ಗೆ ಗುದ್ದುವುದಿಲ್ಲ, ಒಡೆಯುವುದು ತನ್ನದೇ ಬುರುಡೆ ಎಂದು ಗೊತ್ತು. ಕಣಕಾಲು ಹಿಡಿಯುತ್ತೇವೆ, ತೊಡೆ ಹಿಡಿಯುತ್ತೇವೆ. ಅದೇ ತಲೆಗೆ ಗಟ್ಟಿ ಚಿಪ್ಪು, ಮುಖಕ್ಕೆ ಜಾಲರಿ ಬಂದಾಗ ಆ ಅಂಜಿಕೆ ಹೋಯಿತು. ತಲೆಯನ್ನೇ ಟಗರಿನಂತೆ ಮುಂದಿಟ್ಟು ಗುದ್ದುವುದನ್ನು ಕೋಚುಗಳೇ ಕಲಿಸತೊಡಗಿದರು. ಅದರಿಂದ ಕತ್ತಿನ ಮೂಳೆ ಮುರಿದು ಕೈಕಾಲು ಬಿದ್ದುಹೋದ ಹುಡುಗರು ಎಷ್ಟೋ. ರಕ್ಷಣೆಗೆಂದು ಕೊಟ್ಟದ್ದು ಆಯುಧವಾಯಿತು.

1973ರಲ್ಲಿ ಹೆಲ್ಮೆಟ್‌ಗಳಿಗೆ ಪರೀಕ್ಷೆಯ ಮಾನದಂಡ ಬಂತು. 1976ರಲ್ಲಿ ಶಾಲೆ, ಕಾಲೇಜು ಆಟದಲ್ಲಿ ತಲೆ ಮುಂದಿಟ್ಟು ಗುದ್ದುವುದನ್ನು ನಿಷೇಧಿಸಿದರು. ಸಾವುಗಳು ಗಣನೀಯವಾಗಿ ಇಳಿದವು. 1990ರಲ್ಲಿ ಅಂಥ ಒಂದೂ ಸಾವು ದಾಖಲಾಗಲಿಲ್ಲ. ಗೇರ್ ಒಂದರಿಂದಲೇ ಆಗದ್ದು, ಗೇರ್ ಮತ್ತು ನಿಯಮ ಸೇರಿದಾಗ ಆಯಿತು.

ಒಳಗಿನ ಕೊಬ್ಬರಿ

ಇಷ್ಟಾದರೂ ಒಂದು ವಿಷಯ ಉಳಿಯುತ್ತದೆ. ನಮ್ಮದು ತಿಪಟೂರಿನ ಕಡೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಎನ್ನುತ್ತದೆ. ಚಿಪ್ಪು ಎಷ್ಟೇ ಗಟ್ಟಿಯಿರಲಿ, ಒಳಗಿನದು ಅಲುಗಾಡುವುದನ್ನು ಅದು ತಡೆಯಲಾರದು. ಮೆದುಳೂ ಹಾಗೆಯೇ ಬುರುಡೆಯೊಳಗೆ ದ್ರವದಲ್ಲಿ ಕೂತಿದೆ. ಓಡುವ ತಲೆ ತಟ್ಟನೆ ನಿಂತರೆ ಅಥವಾ ತಿರುಗಿದರೆ ಮೆದುಳು ಒಳಗೇ ಜಗ್ಗುತ್ತದೆ. ಇದೇ ಕನ್ಕಷನ್. ಹೆಲ್ಮೆಟ್ ಬುರುಡೆ ಒಡೆಯುವುದನ್ನು ಚೆನ್ನಾಗಿ ತಡೆಯುತ್ತದೆ. ಒಳಗಿನ ಜಗ್ಗಾಟವನ್ನು ಸ್ವಲ್ಪ ತಗ್ಗಿಸಬಹುದು, ಪೂರ್ತಿ ತಡೆಯುವುದಿಲ್ಲ.

2002ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು, ಐವತ್ತನೇ ವಯಸ್ಸಿಗೆ ತೀರಿಕೊಂಡ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಆಟಗಾರನ ಮೆದುಳನ್ನು ಪರೀಕ್ಷಿಸಿದರು. ಕೊನೆಯ ವರ್ಷಗಳಲ್ಲಿ ಆತನಿಗೆ ನೆನಪು, ಮನಸ್ಸಿನ ಹಿಡಿತ ಎರಡೂ ತಪ್ಪಿದ್ದವು. ಮೆದುಳಿನಲ್ಲಿ ಕಂಡದ್ದು ಪದೇ ಪದೇ ಬಿದ್ದ ಪೆಟ್ಟಿನ ಗುರುತು. ಈ ಕಾಯಿಲೆಯನ್ನು ಸಿಟಿಇ ಎನ್ನುತ್ತಾರೆ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮೆದುಳು ನೋಡಿದಾಗ 110ರಲ್ಲಿ ಅದಿತ್ತು. ಇವು ಬಹುಪಾಲು ತೊಂದರೆ ಕಂಡಿದ್ದ ಕುಟುಂಬಗಳು ದಾನ ಕೊಟ್ಟ ಮೆದುಳುಗಳು, ಆದ್ದರಿಂದ ಎಲ್ಲ ಆಟಗಾರರಿಗೂ ಹೀಗೇ ಆಗುತ್ತದೆ ಎನ್ನುವಂತಿಲ್ಲ. ಶಾಲೆಯಲ್ಲಿ ನಾಲ್ಕು ವರ್ಷ ಆಡಿ ಬಿಟ್ಟವರು ಲಕ್ಷಾಂತರ ಮಂದಿ ಆರಾಮಾಗಿದ್ದಾರೆ. ಆದರೂ ಒಂದು ದೊಡ್ಡ ಪೆಟ್ಟಿಗಿಂತ ವರ್ಷಗಟ್ಟಲೆ ಬೀಳುವ ಸಣ್ಣ ಪೆಟ್ಟುಗಳ ಮೊತ್ತವೇ ಮುಖ್ಯ ಎಂದು ಸಂಶೋಧಕರು ಹೇಳುತ್ತಾರೆ. ಬೇಗ ಶುರುಮಾಡಿದಷ್ಟೂ ಮೊತ್ತ ಬೆಳೆಯುತ್ತದೆ.

ಅಕ್ಕನಿಗೆ ಹೇಳಿದ್ದು

ಸೈನ್ ಹಾಕು, ಹಾಕಬೇಡ ಎಂದು ನಾನು ಹೇಳಲಿಲ್ಲ. ಕೋಚ್ ಹತ್ತಿರ ಹೋಗಿ ಇಷ್ಟು ಕೇಳು ಎಂದೆ. ಹೆಲ್ಮೆಟ್ ಹೊಸದೋ ಹಳೆಯದೋ, ಹಳೆಯದಾದರೆ ಮತ್ತೆ ಪರೀಕ್ಷೆ ಆಗಿದೆಯೋ? ತಲೆಗೆ ಹೊಂದುತ್ತದೆಯೋ? ಅದರ ಮುಂದಿನ ಅಂಚು ಹುಬ್ಬಿನಿಂದ ಒಂದೆರಡು ಬೆರಳು ಮೇಲಿರಬೇಕು, ಅಲ್ಲಾಡಿಸಿದರೆ ತಲೆಯ ಜೊತೆಗೇ ತಿರುಗಬೇಕು. ವಾರಕ್ಕೆ ಎಷ್ಟು ಹೊತ್ತು ಪೂರ್ತಿ ಡಿಕ್ಕಿಯ ಅಭ್ಯಾಸ? ಟೆಕ್ಸಾಸಿನ ಶಾಲೆಗಳಲ್ಲಿ ಸೀಸನ್ ನಡೆಯುವಾಗ ಇದಕ್ಕೆ ಮಿತಿಯಿದೆ. ತಲೆಗೆ ಪೆಟ್ಟು ಬಿದ್ದರೆ ಆಟ ನಿಲ್ಲಿಸುವವರು ಯಾರು? ಅನುಮಾನ ಬಂದರೂ ಆ ದಿನ ಮೈದಾನದಿಂದ ಹೊರಗೆ ಕೂರಿಸಬೇಕು. 2009ರಲ್ಲಿ ವಾಷಿಂಗ್ಟನ್ ರಾಜ್ಯ ಇದಕ್ಕೆ ಕಾನೂನು ಮಾಡಿತು, ಈಗ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನಿದೆ. ಎಲ್ಲಕ್ಕಿಂತ ಮುಖ್ಯವಾಗಿ, ತಲೆ ಸುತ್ತುತ್ತಿದೆ ಎಂದು ಹೇಳುವ ಹುಡುಗನನ್ನು ಪುಕ್ಕಲ ಎನ್ನುವ ಕೋಚೋ ಅಲ್ಲವೋ?

ಇನ್ನೊಂದು ದಾರಿಯನ್ನೂ ಹೇಳಿದೆ. ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ ಎಸೆತ, ಓಟ, ತಂತ್ರ ಎಲ್ಲ ಇದೆ. ಕೆಡವುವ ಬದಲು ಸೊಂಟದ ಪಟ್ಟಿಯಿಂದ ಬಾವುಟ ಕಿತ್ತರೆ ಸಾಕು. 14 ವರ್ಷ ಆಗುವವರೆಗೆ ಮಕ್ಕಳು ಇದನ್ನೇ ಆಡಲಿ ಎಂದು ಹೇಳುವ ತಜ್ಞರಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ನಮ್ಮ ಮುಂಬಯಿಯಲ್ಲೇ ನಡೆದ ಒಲಿಂಪಿಕ್ ಸಮಿತಿಯ ಅಧಿವೇಶನ ಕ್ರಿಕೆಟ್ ಜೊತೆಗೆ ಇದನ್ನೂ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಸೇರಿಸಿತು.

ಅಕ್ಕ ಹೋಗಿ ಎಲ್ಲವನ್ನೂ ಕೇಳಿದಳು. ಕೋಚ್ ಒಳ್ಳೆಯವರಂತೆ, ಮುಕ್ಕಾಲು ಗಂಟೆ ಕೂತು ಉತ್ತರ ಕೊಟ್ಟರಂತೆ. ಕೊನೆಗೆ ಈ ವರ್ಷ ಫ್ಲ್ಯಾಗ್, ಹೈಸ್ಕೂಲಿಗೆ ಬಂದಾಗ ಮತ್ತೆ ಮಾತು ಎಂದು ಒಪ್ಪಂದವಾಯಿತು.

ಸೋದರಳಿಯ ಎರಡು ವಾರ ನನ್ನ ಫೋನಿಗೆ ಬರಲಿಲ್ಲ. ಮೂರನೇ ವಾರ ತಾನೇ ವಿಡಿಯೋ ಕಾಲ್ ಮಾಡಿ, ತಾನು ಎಸೆದ ಟಚ್‌ಡೌನ್ ತೋರಿಸಿದ. ಅವನು ಕ್ವಾರ್ಟರ್‌ಬ್ಯಾಕ್ ಆಗಿದ್ದಾನೆ. "ಮಾಮ, ಅದು ಥರ್ಡ್ ಅಂಡ್ ಎಯ್ಟ್ ಇತ್ತು, ಅಂದ್ರೆ..." ಎಂದು ವಿವರಿಸಲು ಹೊರಟ. ಮೂರನೇ ಪ್ರಯತ್ನ, ಎಂಟು ಗಜ ಬಾಕಿ ಅಂತ ತಾನೇ ಎಂದೆ. ಒಂದು ಕ್ಷಣ ಸುಮ್ಮನಾಗಿ, "ಅಮ್ಮಾ, ಮಾಮಂಗೆ ಗೊತ್ತು!" ಎಂದು ಒಳಗೆ ಓಡಿದ.

ಈಗ ಸೋಮವಾರದ ಕಾಲ್‌ನಲ್ಲಿ ನಾನು ಮ್ಯೂಟ್ ಒತ್ತುವುದಿಲ್ಲ.