ಪಂಚಾಯಿತಿಗೆ ಎಂಥ ನಕ್ಷೆ ತಂತ್ರಾಂಶ ಬೇಕು?

ನಕ್ಷೆ ಬರೆಯುವುದು ಕಚೇರಿಯವರ ಕೆಲಸ, ನಮಗೇಕೆ ಎಂದು ರೈತ ಬಾಂಧವರು ಸುಮ್ಮನಿರುವಂತಿಲ್ಲ. 2018 ಮತ್ತು 2019ರ ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನಲ್ಲಿ ಕಪಿಲೆ ದಡ ಮೀರಿದ್ದು ನಿಮಗೆ ನೆನಪಿದೆ. ಅದೇ ಹೊಳೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಇಂಥ ವೇಳೆ ಯಾವ ಸರ್ವೆ ನಂಬರಿನ ಬೆಳೆ ಮುಳುಗಿತು ಎಂಬ ಪಟ್ಟಿ ತಪ್ಪಿದರೆ, ಪರಿಹಾರವೂ ತಪ್ಪುತ್ತದೆ.

ನಕ್ಷೆ ತಂತ್ರಾಂಶವೆಂದರೆ ಹಾಳೆಯ ಮೇಲೆ ಹಾಳೆ ಹಾಸಿದಂತೆ. ಕೆಳಗೆ ಗ್ರಾಮ ನಕ್ಷೆ, ಅದರ ಮೇಲೆ ಕೆರೆ, ನಾಲೆ, ಬಂಡಿದಾರಿ, ಎಲ್ಲಕ್ಕೂ ಮೇಲೆ ನೆರೆನೀರು ಮುಟ್ಟಿದ ಗೆರೆ. ಆ ಗೆರೆಯೊಳಗೆ ಬರುವ ಸರ್ವೆ ನಂಬರುಗಳನ್ನು ಗಣಕಯಂತ್ರ ಕ್ಷಣದಲ್ಲಿ ಪಟ್ಟಿ ಮಾಡುತ್ತದೆ.

ಇರುವ ಬಗೆಗಳು

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಮೊಬೈಲಿನಲ್ಲಿ ಉಚಿತವಾಗಿ ದೊರೆಯುತ್ತದೆ. ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ನೋಡಲು ಇದು ಸಾಕು. ಪಂಚಾಯಿತಿಯೇ ಹೊಸ ನಕ್ಷೆ ತಯಾರಿಸಬೇಕಾದರೆ ಸಾಲದು.

ಅಮೆರಿಕದ ಎಸ್ರಿ ಕಂಪನಿಯ ‘ಆರ್ಕ್‌ಜಿಐಎಸ್’ ಬಲವಾದ ತಂತ್ರಾಂಶ. ಆದರೆ ಪರವಾನಗಿಗೆ ಹಣ ಕಟ್ಟಬೇಕು. ತರಬೇತಾದ ಸಿಬ್ಬಂದಿ ಇರುವ ದೊಡ್ಡ ಇಲಾಖೆಗಳಿಗೆ ಇದು ಹೊಂದುತ್ತದೆ.

2002ರಲ್ಲಿ ಆರಂಭವಾದ ‘ಕ್ಯೂಜಿಐಎಸ್’ ಉಚಿತ. ಎಷ್ಟು ಗಣಕಯಂತ್ರಗಳಿಗೆ ಬೇಕಾದರೂ ಹಾಕಿಕೊಳ್ಳಬಹುದು. ಇದರ ಜೊತೆಗಾರ ‘ಕ್ಯೂಫೀಲ್ಡ್’ ಮೊಬೈಲಿನಲ್ಲಿ, ಮೊದಲೇ ನಕ್ಷೆ ತುಂಬಿಕೊಂಡಿದ್ದರೆ ಸಿಗ್ನಲ್ ಇಲ್ಲದ ಹೊಲದಲ್ಲೂ ಕೆಲಸ ಮಾಡುತ್ತದೆ. ನೀರಿಳಿದ ಕೂಡಲೇ ಸಿಬ್ಬಂದಿ ಕೆಸರಿನ ಗುರುತು ಹಿಡಿದು ನಡೆದು ಗೆರೆ ದಾಖಲಿಸಬಹುದು. ಸಾಮಾನ್ಯ ಪಂಚಾಯಿತಿಗೆ ಇದೇ ಮೇಲು. ಆದರೆ ತಂತ್ರಾಂಶ ಉಚಿತವೆಂದು ಕಲಿಕೆಯೂ ತಾನಾಗಿ ಬರದು. ತರಬೇತಿಗೆ ದಿನ ಮೀಸಲಿಡಲೇಬೇಕು.

ಗುಂಟೆಯ ಲೆಕ್ಕ

ಒಂದು ಎಚ್ಚರಿಕೆ. ತೆರೆದ ಬಯಲಿನಲ್ಲಿಯೂ ಸಾಧಾರಣ ಮೊಬೈಲು ಸುಮಾರು 5 ಮೀಟರ್, ಅಂದರೆ 16 ಅಡಿ ಅತ್ತಿತ್ತ ತೋರಿಸಬಹುದು. ತೆಂಗಿನ ತೋಟದ ನೆರಳಿನಲ್ಲಿ ಇನ್ನೂ ಹೆಚ್ಚು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಹೀಗಾಗಿ ಬದುವಿನ ಮೇಲೆ ನಿಂತವನಿಗೆ ಅರ್ಧ ಗುಂಟೆಯ ಅಗಲವೇ ತಪ್ಪಿ ಕಾಣಬಹುದು. ಹಿಂದೆ ಸರಪಳಿ ಹಿಡಿದು ಅಳೆದ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಕೂಡಿಸುವಾಗಲೂ ಗೆರೆ ಸರಿಯುವುದುಂಟು. ಆದ್ದರಿಂದ ಮೊಬೈಲಿನ ಗೆರೆ ನೋಡಿ ಬದು ಕೀಳಬೇಡಿ, ನೆರೆಯವರೊಡನೆ ಜಗಳಕ್ಕೂ ನಿಲ್ಲಬೇಡಿ. ಗಡಿ ತೀರ್ಮಾನಕ್ಕೆ ಸರ್ವೆ ಇಲಾಖೆಗೆ ಹದ್ದುಬಸ್ತು ಅರ್ಜಿ ಹಾಕುವುದೇ ಸರಿಯಾದ ದಾರಿ.

2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ ಇದಕ್ಕಿಂತ ಬಹಳ ನಿಖರ. ಆದರೆ ಅದು ಊರೊಳಗಿನ ಮನೆ, ನಿವೇಶನಗಳಿಗೆ, ಹೊಲಗಳಿಗಲ್ಲ.

ಗ್ರಾಮಸಭೆಯಲ್ಲಿ ಕೇಳಿ

ತಂತ್ರಾಂಶ ಕೊಳ್ಳುವ ಮಾತು ಬಂದಾಗ ಈ ನಾಲ್ಕು ಪ್ರಶ್ನೆ ಕೇಳಿ:

1. ಮುಂದಿನ ವರ್ಷಗಳಲ್ಲೂ ಹಣ ಕಟ್ಟಬೇಕೆ?
2. ಈಗಿನ ಅಧಿಕಾರಿ ವರ್ಗವಾದರೆ ನಡೆಸಬಲ್ಲ ಇನ್ನಿಬ್ಬರು ಯಾರು?
3. ಇಲ್ಲಿ ಬರೆದ ನಕ್ಷೆ ಬೇರೆ ತಂತ್ರಾಂಶದಲ್ಲೂ ತೆರೆಯುವುದೆ?
4. ಊರು, ಕೆರೆ, ಹಳ್ಳದ ಹೆಸರುಗಳನ್ನು ಕನ್ನಡದಲ್ಲಿ ಮುದ್ರಿಸಿ ಗೋಡೆಗೆ ಹಾಕಬಹುದೆ?

ನಾಲ್ಕನೆಯದು ಸಣ್ಣದೆಂದು ಭಾವಿಸಬೇಡಿ. ಗೋಡೆಯ ಮೇಲಿನ ನಕ್ಷೆಯನ್ನು ಹತ್ತು ಜನ ನೋಡುತ್ತಾರೆ. ತಪ್ಪಿದ್ದರೆ ಹಿರಿಯರೊಬ್ಬರು ಬೆರಳಿಟ್ಟು ತೋರಿಸುತ್ತಾರೆ. ಗಣಕಯಂತ್ರದೊಳಗೇ ಉಳಿದ ತಪ್ಪು ಮುಂದಿನ ನೆರೆ ಬರುವವರೆಗೂ ತಿಳಿಯದು. ಮಳೆಗಾಲಕ್ಕೆ ಮೊದಲೇ ನಿಮ್ಮ ಊರಿನ ನಕ್ಷೆಯನ್ನು ಕೇಳಿ ನೋಡಿ, ನಿಮ್ಮ ಸರ್ವೆ ನಂಬರು ಸರಿಯಾದ ಜಾಗದಲ್ಲಿದೆಯೇ ಎಂದು ಖಚಿತ ಮಾಡಿಕೊಳ್ಳಿ.